ಕುಂಕುಮವಿಟ್ಟ ಕಂಬ

ಸಾಲಿಗ್ರಾಮದ ಮೇಲೆ ಎರೆದ ನೀರು ಹರಿವಾಣದ ತುಂಬ ಸಮನಾಗಿ ಹರಡಲಿಲ್ಲ. ಪಶ್ಚಿಮದ ಅಂಚಿನಲ್ಲಿ ತುಂಬಿ ನಿಂತು, ಪೂರ್ವದ ಅಂಚಿನಲ್ಲಿ ತಾಮ್ರವನ್ನು ಒಣಗಲು ಬಿಟ್ಟಿತು. ವಾಸುದೇವ ಹೊಳ್ಳರು ಹರಿವಾಣವನ್ನು ಅರ್ಧ ಸುತ್ತು ತಿರುಗಿಸಿ ಇಟ್ಟರು. ಆಗಲೂ ನೀರು ಪಶ್ಚಿಮಕ್ಕೇ ಹೋಯಿತು. ಹರಿವಾಣ ಡೊಂಕಾಗಿಲ್ಲ, ನೆಲವೇ ವಾಲಿದೆ ಎಂದು ತಿಳಿದಾಗ ಅವರ ಬಾಯಲ್ಲಿದ್ದ ಮಂತ್ರ ಅರ್ಧಕ್ಕೆ ನಿಂತಿತು.

“ಎಂತಕ್ಕೆ ನಿಲ್ಲಿಸಿದ್ರಿ?” ಒಳಗಿನಿಂದ ಹೆಂಡತಿ ಕಮಲಾಕ್ಷಿಯಮ್ಮ ಕೇಳಿದರು.

“ಮನೆ ಮಂಟಪದ ಬದಿಗೆ ವಾಲಿದೆ. ನಿನ್ನೆ ಸ್ವಲ್ಪ ಇತ್ತು. ಇವತ್ತು ಹೆಚ್ಚಾಗಿದೆ.”

“ಗಾಳಿಗೆ ಜನ ಬಂದು ಇರ್ತಾರೆ ಅಂತ ಮಂಟಪದಲ್ಲಿ ಅಕ್ಕಿಮೂಟೆ, ನೀರಿನ ಟ್ಯಾಂಕು ಎಲ್ಲ ತಂದು ಇಟ್ಟಿದ್ದಾರಲ್ಲ, ಅದಕ್ಕೆ ಇರಬಹುದು.”

“ಮೂಟೆ ತಂದದ್ದು ಮೊನ್ನೆ. ಆಮೇಲೆ ಒಂದು ಸೇರು ಅಕ್ಕಿಯೂ ಬರಲಿಲ್ಲ. ಮರಳು ತಗ್ಗುವುದಿದ್ದರೆ ಭಾರ ಬಿದ್ದ ಕೂಡಲೇ ತಗ್ಗಿ ಸುಮ್ಮನಾಗಬೇಕು. ದಿನದಿನ ಇಳಿಯಲು ಅದು ಜೇಡಿಯಲ್ಲ.”

ಕಮಲಾಕ್ಷಿಯಮ್ಮ ಕೈಯೊರಸಿಕೊಳ್ಳುತ್ತ ಹೊರಗೆ ಬಂದರು. ಹರಿವಾಣವನ್ನು ನೋಡಿದರು, ಗಂಡನ ಮುಖವನ್ನು ನೋಡಿದರು. “ಪೂಜೆ ಮುಗಿಸಿ. ನಮ್ಮ ವೈದೇಹಿ ಲೆಕ್ಕ ಹಾಕದೆ ಕಂಬ ನಿಲ್ಲಿಸಿದವಳಲ್ಲ,” ಎಂದಷ್ಟೇ ಹೇಳಿ ಒಳಗೆ ಹೋದರು.

ಹೊಳ್ಳರು ಪೂಜೆ ಮುಗಿಸಿದರು. ತೀರ್ಥ ತೆಗೆದುಕೊಂಡ ಕೂಡಲೇ ಮಂಟಪದ ಕಡೆಗೆ ಹೊರಟರು.

ಕೇದಗೆಕುದ್ರು ಎಂಬುದು ಹೊಳೆ ಕಡಲು ಸೇರುವಲ್ಲಿನ ಮರಳಿನ ನಡುಗಡ್ಡೆ. ಕಡಲು ವರ್ಷವರ್ಷ ಏರುತ್ತ ಬಂದು ಅಂಗಳಗಳಿಗೆ ಉಪ್ಪುನೀರು ನುಗ್ಗತೊಡಗಿದ ಮೇಲೆ, ಸರಕಾರ ಕಾಂಕ್ರೀಟಿನ ಕಂಬಗಳನ್ನು ಮರಳಿನೊಳಕ್ಕೆ ಆಳವಾಗಿ ಬಡಿದು, ಅವುಗಳ ಮೇಲೆ ಒಂದು ಊರನ್ನೇ ಎತ್ತಿ ನಿಲ್ಲಿಸಿತು. ಜನ ಅದನ್ನು ಎತ್ತರಪೇಟೆ ಎಂದು ಕರೆದರು. ಬಿರುಗಾಳಿಗೆ ಆಶ್ರಯವಾಗಲೆಂದು ಅಲ್ಲಿ ಕಟ್ಟಿದ ದೊಡ್ಡ ಮಂಟಪ ಹೊಳ್ಳರ ಮನೆಯ ಪಶ್ಚಿಮಕ್ಕಿತ್ತು; ಎರಡರ ನೆಲವೂ ಒಂದಕ್ಕೊಂದು ಬೆಸೆದಿತ್ತು.

ಇಂಥ ಊರು ಸಾಧ್ಯವಾದದ್ದು ಆಧಾರಿಯಿಂದ. ಹಿಂದೆ, ಹೊಳ್ಳರು ಮಣ್ಣಿನ ಎಂಜಿನಿಯರಾಗಿ ದುಡಿಯುತ್ತಿದ್ದ ಕಾಲದಲ್ಲಿ, ಮರಳಿನಲ್ಲಿ ಹೂತ ಕಂಬ ಎಷ್ಟು ಭಾರ ಹೊರುತ್ತದೆಂದು ಖಚಿತವಾಗಿ ತಿಳಿಯಲು ಅದರ ತಲೆಯ ಮೇಲೆ ದಿಮ್ಮಿಗಳನ್ನು ಪೇರಿಸಿ ಕಾಯಬೇಕಿತ್ತು. ಸೂತ್ರಗಳೇನೋ ಇದ್ದವು. ಒಂದೇ ಕಂಬಕ್ಕೆ ಒಂದು ಸೂತ್ರ ಹೇಳಿದ್ದರ ಎರಡರಷ್ಟನ್ನು ಇನ್ನೊಂದು ಹೇಳುತ್ತಿತ್ತು. ಆಧಾರಿ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಅದು ಕಂಬದ ತಲೆಗೆ ತೊಡಿಸುವ ಒಂದು ಉಕ್ಕಿನ ಬಳೆ. ಬಳೆಯ ಹಿಂದೆ ಕಲಿಯುವ ಯಂತ್ರವೊಂದಿತ್ತು. ಸುತ್ತಿಗೆ ಬಿದ್ದಾಗ ಏಳುವ ಅಲೆ ಕಂಬದ ಬುಡಕ್ಕೆ ಹೋಗಿ ತಿರುಗಿ ಬರುತ್ತದೆ. ಅದನ್ನು ಬಳೆ ಕೇಳಿಸಿಕೊಂಡರೆ ಯಂತ್ರ, ತಾನು ಬೇರೆ ಬೇರೆ ಕಡಲತೀರಗಳಲ್ಲಿ ಕಲಿತ ಸಾವಿರಾರು ಕಂಬಗಳ ಅನುಭವವನ್ನು ಅದಕ್ಕೆ ಸೇರಿಸಿ, ಈ ಕಂಬ ಇನ್ನು ಮುಂದೆ ಇಷ್ಟು ಟನ್ನು ಹೊರುತ್ತದೆ ಎಂದು ಹೇಳುತ್ತಿತ್ತು. ದಿಮ್ಮಿ ಪೇರಿಸುವ ಪದ್ಧತಿಯನ್ನು ಸರಕಾರವೇ ರದ್ದು ಮಾಡಿತು.

ಜನ ಅದಕ್ಕೆ ಬೇಗ ಒಗ್ಗಿಕೊಂಡರು. ಒಂದೊಂದು ಮನೆಗೂ ಅದರ ಕಂಬಗಳಿಗೆ ತಕ್ಕ ಹೊರೆಮಿತಿ ಗೊತ್ತುಮಾಡಿದ್ದರು. ರುಬ್ಬುವ ಕಲ್ಲು ಬೇಕಾದರೆ ಕಬ್ಬಿಣದ ಕಪಾಟು ಬಿಡಬೇಕು. ಮದುವೆಗೆ ಹುಡುಗನನ್ನು ನೋಡಲು ಬಂದವರು, “ಮನೆಗೆ ಎಷ್ಟು ಟನ್ನು?” ಎಂದು ಕೇಳುವಷ್ಟಕ್ಕೆ ಬಂದಿತ್ತು. ಮೈತುಂಬಿದ ಅತ್ತೆ ಬಂದರೆ ಸೊಸೆಯಂದಿರು ಮರೆಯಲ್ಲಿ ನಗುತ್ತಿದ್ದರು.

ಕೇದಗೆಕುದ್ರಿನಲ್ಲಿ ಆಧಾರಿಯನ್ನು ನಡೆಸಿದವಳು ಹೊಳ್ಳರ ಒಬ್ಬಳೇ ಮಗಳು ವೈದೇಹಿ. ಮಂಟಪದ ಕಂಬಗಳು ಮುಗಿದ ಮಳೆಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಆ ದಿನ ಹೊಳ್ಳರು ಅಳಲಿಲ್ಲ. ಕರ್ಮಗಳನ್ನೆಲ್ಲ ತಾವೇ ನಿಂತು ಮಾಡಿಸಿದರು, ಬಂದವರಿಗೆ ತಾವೇ ಸಮಾಧಾನ ಹೇಳಿದರು. ಎಂಥ ಗಟ್ಟಿ ಜೀವ ಎಂದು ಜನ ಹೊಗಳಿದರು. ಈಚೆಗೆ ಮಾತ್ರ ಅವರು ಜಪಕ್ಕೆ ಕುಳಿತಲ್ಲಿ ಎಣಿಕೆ ಮರೆತು ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದರು.

ನಿಯಂತ್ರಣ ಕೊಠಡಿ ಮಂಟಪದ ಹಿಂಬದಿಯಲ್ಲಿತ್ತು. ಅಲ್ಲಿ ಈಗ ಲವೀನಾ ಡಿಸಿಲ್ವ ಇದ್ದಳು. ವೈದೇಹಿಯ ಕೈಕೆಳಗೆ ಕೆಲಸ ಕಲಿತವಳು. ಗೋಡೆಯ ಮೇಲಿನ ಪರದೆಯಲ್ಲಿ ಪ್ರತಿಯೊಂದು ಕಂಬವೂ ಒಂದು ಹಸಿರು ಚುಕ್ಕೆ. ಪಕ್ಕದ ಪರದೆಯಲ್ಲಿ ಅರಬ್ಬಿ ಸಮುದ್ರದ ಮೇಲೆ ಸುತ್ತುತ್ತಿದ್ದ ಚಂಡಮಾರುತದ ಬಿಳಿ ಸುಳಿ. ಅದು ಮರುದಿನ ದಡ ಮುಟ್ಟುವುದಿತ್ತು. ತೀರದ ಮೂರು ಊರುಗಳ ಜನರನ್ನು ಆ ಮಧ್ಯಾಹ್ನದಿಂದಲೇ ಮಂಟಪಕ್ಕೆ ತಂದು ತುಂಬುವುದೆಂದು ನಿಶ್ಚಯವಾಗಿತ್ತು. ಮಂಟಪ ಕಟ್ಟಿದ್ದೇ ಅದಕ್ಕಾಗಿ.

“ಮಂಟಪದ ಮಟ್ಟ ತೋರಿಸು, ಲವೀನಾ.”

ಅವಳು ತೋರಿಸಿದಳು. ಪಶ್ಚಿಮದ ಸಾಲು ಸ್ವಲ್ಪ ಸ್ವಲ್ಪವೇ ಇಳಿದಿತ್ತು. “ಮಿತಿಯ ಒಳಗೇ ಉಂಟು ಸರ್. ಹಾಗಾಗಿ ಎಚ್ಚರಿಕೆಯ ಗಂಟೆ ಹೊಡೀಲಿಲ್ಲ.”

“ನಿನ್ನೆಯಿಂದ ಭಾರ ಏರಿದೆಯಾ?”

“ಇಲ್ಲ ಸರ್.”

“ಮತ್ತೆ ಯಾಕೆ ಇಳಿಯಿತು?”

ಹೊಳ್ಳರು ಕುರ್ಚಿ ಎಳೆದು ಕುಳಿತರು. “ಬಡಿದು ಕೆಲವು ದಿನವಾದ ಮೇಲೆ ಕಂಬವನ್ನು ಮತ್ತೆ ಹೊಡೆದು ನೋಡುವ ಕ್ರಮ ಉಂಟಲ್ಲ, ಮರುಹೊಡೆತ. ಈ ಊರಿನದು ಎಷ್ಟು ಉಂಟು?”

ಲವೀನಾ ಪರದೆಯ ಕಡೆಗೆ ತಿರುಗಲಿಲ್ಲ. ನೋಡುವ ಅಗತ್ಯ ಅವಳಿಗಿರಲಿಲ್ಲ. “ಒಂದೂ ಇಲ್ಲ ಸರ್. ಗೊತ್ತುಂಟಲ್ಲ ನಿಮಗೆ. ಮೇಡಂ ಕುಂಕುಮ ಇಡ್ತಿದ್ದರು.”

ಹೊಳ್ಳರಿಗೆ ಗೊತ್ತಿತ್ತು. ಸುತ್ತಿಗೆಯ ಕೆಲಸಕ್ಕೆ ಬಂದವರೆಲ್ಲ ಮೀನುಗಾರಿಕೆ ಬಿಟ್ಟು ಬಂದ ಖಾರ್ವಿಗಳು. ಹೊಸ ದೋಣಿಯ ಮೂತಿಗೆ ಕುಂಕುಮ ಹಚ್ಚಿ ನೀರಿಗಿಳಿಸಿದ ಮೇಲೆ ಆ ಮೂತಿಗೆ ಸುತ್ತಿಗೆ ತಾಗಿಸುವವರಲ್ಲ ಅವರು. ಅದೇ ನೇಮವನ್ನು ಕಂಬಕ್ಕೂ ತಂದರು. ಬಡಿದ ದಿನವೇ ಪೂಜೆಯಾಗಬೇಕು. ಪೂಜೆಯಾದ ಕಂಬ ದೇವರದು. ಮರುಹೊಡೆತಕ್ಕೆ ಅವರು ಒಪ್ಪಲಿಲ್ಲ. ವೈದೇಹಿ ಅವರೊಡನೆ ಜಗಳಾಡಲಿಲ್ಲ. ತಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ರತಿ ಕಂಬಕ್ಕೂ ಕುಂಕುಮ ಹಚ್ಚಿದಳು. “ಮರುಹೊಡೆತ ಇಲ್ಲದಿದ್ದರೂ ಆಧಾರಿಗೆ ಗೊತ್ತಾಗ್ತದೆ ಅಪ್ಪ. ಎಷ್ಟೊಂದು ತೀರದ ಮರಳು ಕಂಡಿದೆ ಅದು,” ಎಂದಿದ್ದಳು. ಹೊಳ್ಳರಿಗೂ ಅದು ಸರಿಯೆನ್ನಿಸಿತ್ತು. ದೇವರನ್ನೂ ಜನರನ್ನೂ ನೋಯಿಸದ ಮಗಳು ಎಂದು ಹೆಮ್ಮೆಪಟ್ಟಿದ್ದರು.

“ಬೇರೆ ತೀರಗಳ ಮರಳಿನಲ್ಲಿ ಕಂಬ ದಿನ ಕಳೆದಂತೆ ಬಿಗಿಯಾಗುತ್ತದೆ,” ಎಂದರು ಹೊಳ್ಳರು. “ಆಧಾರಿ ಕಲಿತದ್ದು ಅದನ್ನು. ಬಡಿದ ದಿನದ ಬಲಕ್ಕೆ ಒಂದು ಪಾಲು ಕೂಡಿಸಿ ಹೇಳುತ್ತದೆ. ಇಲ್ಲಿ ಬುಡದ ಮರಳು ಎಂಥದು?”

“ಹಿಟ್ಟಿನ ಹಾಗೆ ಸರ್. ಭಾರೀ ಒತ್ತಾಗಿ ಕೂತಿದೆ. ನಡು ನಡುವೆ ಕೆಸರಿನ ತೆಳು ಪದರ.”

“ಹಾಗಾದರೆ ಇಲ್ಲಿ ಕಂಬ ದಿನ ಕಳೆದಂತೆ ಸಡಿಲವಾಗುತ್ತದೆ. ಕೂಡಿಸಬಾರದಿತ್ತು. ಕಳೆಯಬೇಕಿತ್ತು.”

ಲವೀನಾ ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದಳು. “ಎಷ್ಟು?”

“ಅದು ಹೊಡೆದು ನೋಡಿದರೆ ಮಾತ್ರ ಗೊತ್ತಾಗುವುದು.”

ಮಂಟಪದ ಕೆಳಗಿನ ಕಂಬಗಳನ್ನು ಹೊಡೆಯುವಂತಿರಲಿಲ್ಲ. ಅವುಗಳ ತಲೆಯ ಮೇಲೆ ಮಂಟಪವೇ ಕೂತಿತ್ತು. ಮುಂದೆ ಮಂಟಪವನ್ನು ವಿಸ್ತರಿಸಲೆಂದು ಪಶ್ಚಿಮದ ಸಾಲಿನ ತುದಿಯಲ್ಲಿ ಬಡಿದಿದ್ದ ಒಂದೇ ಒಂದು ಕಂಬ ಮಾತ್ರ ಮರಳಿನಿಂದ ಎದೆಯೆತ್ತರಕ್ಕೆ ಬರಿದಲೆಯಲ್ಲಿ ನಿಂತಿತ್ತು. ಅದೇ ಮರಳು, ಅದೇ ಆಳ. ವೈದೇಹಿ ಕೊನೆಯದಾಗಿ ಕುಂಕುಮ ಹಚ್ಚಿದ ಕಂಬವೂ ಅದೇ. ನಿಂತಲ್ಲಿಂದಲೇ ಕೈಚಾಚಿ ಅವಳ ಸೊಂಟದ ಮಟ್ಟಕ್ಕೆ ಹಚ್ಚಿದ ಗುರುತು, ಮಳೆಗೆ ತೊಳೆದು ಹೋಗದಂತೆ ಯಾರೋ ಮೇಲೆ ಗಾಜಿನ ತುಂಡು ಅಂಟಿಸಿದ್ದರು. ಊರ ಹೆಂಗಸರು ಶುಕ್ರವಾರ ಅಲ್ಲಿ ಹೂವಿಡುತ್ತಿದ್ದರು.

ಸುತ್ತಿಗೆ ತಂಡದ ಮುಖಂಡ ಸೋಮಯ್ಯ ಖಾರ್ವಿ ಹೊಸ ಸಾಲಿನ ಕೆಲಸ ನಿಲ್ಲಿಸಿ ಸುತ್ತಿಗೆಯ ಯಂತ್ರಕ್ಕೆ ಹಗ್ಗ ಬಿಗಿಸುತ್ತಿದ್ದ. ಹೊಳ್ಳರ ಮಾತು ಕೇಳಿ ಹಗ್ಗ ಬಿಟ್ಟು ನಿಂತ.

“ಕಾಣಿ ಅಯ್ಯ, ನೀವು ದೊಡ್ಡವರು. ಬೇರೆ ಯಾರಾದ್ರೂ ಹೇಳಿದ್ರೆ ಹೊಳೆಗೆ ಹಾಕ್ತಿದ್ದೆ. ಅದು ಅಮ್ಮ ಕುಂಕುಮ ಇಟ್ಟ ಕಂಬ ಅಲ್ದಾ?”

“ಹೌದು.”

“ನಿಮ್ಮ ಮಗಳೇ ಅಲ್ದಾ ಆ ಅಮ್ಮ?”

“ಹೌದು ಸೋಮಯ್ಯ.”

“ಹಂಗಾರೆ ಎಂತ ಮಾತು ಅಂತ ಆಡ್ತ್ರಿ? ಪೂಜೆ ಆದ ತಲೆಗೆ ನನ್ನ ಸುತ್ತಿಗೆ ಬೀಳೂದಿಲ್ಲೆ. ನಾಳೆ ಗಾಳಿ ಬೇರೆ ಬತ್ತಿತ್ತ್. ಇವತ್ತೇ ದೇವರನ್ನ ಎದುರು ಹಾಕ್ಕಂಬ್ಕಾ?”

ಅಷ್ಟರಲ್ಲಿ ವಿಪತ್ತು ಅಧಿಕಾರಿ ಬಸನಗೌಡರು ಜೀಪಿನಿಂದ ಇಳಿದು ಬಂದರು. ಧಾರವಾಡದ ಕಡೆಯವರು, ಅಂಗಿಯ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಲವೀನಾ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಳು.

“ಹೊಳ್ಳರ, ಏನ್ರೀ ಇದು? ಮೂರು ಊರಿನ ಮಂದಿ ಗಂಟು ಕಟ್ಟಿಕೊಂಡು ಕುಂತಾರ. ಈಗ ಬ್ಯಾಡ ಅಂದ್ರ ಎಲ್ಲಿಗೆ ಒಯ್ಯಲ್ರೀ?”

“ಕಲ್ಲುಗುಡ್ಡದ ಹಳೆ ಕಾಲೇಜಿಗೆ.”

“ಅಲ್ಲಿಗೆ ಹೋಗಾಕ ಒಂದೇ ಸೇತುವೆ. ಸಂಜಿಗೆ ಅದನ್ನ ಮುಚ್ಚತಾರ. ಒಯ್ಯೂದಿದ್ರ ಈಗ ಹೊರಡಬೇಕು. ಅಲ್ಲಿ ಸೂರು ಸೋರತದ, ಕೂಸುಗಳದಾವ, ಮುದುಕರದಾರ. ನೀವು ಹರಿವಾಣದಾಗಿನ ನೀರು ನೋಡಿ ಹೇಳಿದ್ದಕ್ಕ ನಾ ಎಲ್ಲಾರನ್ನೂ ಬಯಲಿಗೆ ಹಾಕಲೇನು? ಯಂತ್ರ ಹಸಿರು ತೋರಸಾಕತ್ತೈತಿ.”

“ಅದಕ್ಕೇ ಹೊಡೆದು ನೋಡುವ ಅಂತ ಹೇಳುವುದು.”

“ಹೊಡೀರಿ ಮತ್ತ. ಲಗೂ ಹೊಡೀರಿ.”

ಸೋಮಯ್ಯ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಸುತ್ತಿಗೆಗೆ ಬೆನ್ನು ಮಾಡಿ ಕುಳಿತ. ಅವನ ತಂಡದವರೂ ಕುಳಿತರು. ಕಡಲ ಮೇಲಿನ ಗಾಳಿ ಆಗಲೇ ದಿಕ್ಕು ಬದಲಿಸಿತ್ತು. ಬಸನಗೌಡರು ಗಡಿಯಾರ ನೋಡಿದರು.

ಹೊಳ್ಳರು ಮನೆಗೆ ನಡೆದರು. ಹೊಡೆಸಲು ಅವರಿಗೂ ಮನಸ್ಸಿರಲಿಲ್ಲ. ಸೋಮಯ್ಯನ ಹೆದರಿಕೆ ಅವರದೂ ಆಗಿತ್ತು. ಅದಕ್ಕಿಂತ ದೊಡ್ಡದೊಂದು ಹೆದರಿಕೆ ಅವರಿಗೆ ಬೇರೆ ಇತ್ತು: ಮಗಳದೆಂದು ಈ ಊರಿನಲ್ಲಿ ಉಳಿದದ್ದು ಅವಳು ಹೇಳಿದ ಲೆಕ್ಕ ಮತ್ತು ಅವಳು ಹಚ್ಚಿದ ಕುಂಕುಮ, ಒಂದೇ ಹೊಡೆತಕ್ಕೆ ಎರಡೂ ಹೋಗಬಹುದು.

ಕಮಲಾಕ್ಷಿಯಮ್ಮ ಎಲ್ಲವನ್ನೂ ಕೇಳಿದರು. ಒಲೆಯ ಉರಿ ಆರಿಸಿದರು.

“ಹೊಡೀದಿದ್ದರೆ ಎಂತ ಆಗ್ತದೆ?”

“ನನ್ನ ಊಹೆ ತಪ್ಪಾಗಿದ್ದರೆ ಏನೂ ಆಗುವುದಿಲ್ಲ. ಸರಿಯಾಗಿದ್ದರೆ, ಜನ ತುಂಬಿದ ಮೇಲೆ ಮಂಟಪ ಒಂದು ಬದಿಗೆ ಕೂರುತ್ತದೆ. ಗಾಳಿಯ ನಡುವೆ. ಇಳಿದು ಓಡಲು ಕೆಳಗೆ ಕಡಲು.”

ಅವರು ಎದ್ದು ದೇವರ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ತಾಮ್ರದ ಕಲಶವಿತ್ತು. ನೀರು ತುಂಬಿ, ಮಾವಿನೆಲೆ ಇಟ್ಟು, ತೆಂಗಿನಕಾಯಿ ಕೂರಿಸಿದ ಕಲಶ.

“ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಮೂರ್ತಿಗೆ ಉಳಿ ತಾಗಿಸ್ತಾರಲ್ಲ, ಆಗ ಮೊದಲು ಎಂತ ಮಾಡ್ತಾರೆ? ಸಾನ್ನಿಧ್ಯವನ್ನು ಕಲಶದ ನೀರಿಗೆ ಕರೀತಾರೆ. ಕೆಲಸ ಮುಗಿದ ಮೇಲೆ ಮತ್ತೆ ಮೂರ್ತಿಗೆ ಕೊಡ್ತಾರೆ. ಕಲ್ಲಿಗೆ ಆಗುವ ಕ್ರಮ ಕಂಬಕ್ಕೆ ಆಗುದಿಲ್ಲವಾ? ನಿಮಗೆ ಮಂತ್ರ ಗೊತ್ತುಂಟು. ಬನ್ನಿ.”

ಹೊಳ್ಳರು ಹೆಂಡತಿಯ ಮುಖವನ್ನೇ ನೋಡಿದರು. “ಅವಳ ಕೈಯ ಗುರುತು ಅದು, ಕಮಲಾ.”

“ಅವಳು ಅದನ್ನ ಹಚ್ಚಿದ್ದು ಜನ ನಿಲ್ಲಲಿ ಅಂತ. ಬೀಳಲಿ ಅಂತ ಅಲ್ಲ.”

ಕಂಬದ ಬುಡದಲ್ಲಿ ಹೊಳ್ಳರು ಆಚಮನ ಮಾಡಿ ಕುಳಿತರು. ಬಸನಗೌಡರು ಶೂ ಕಳಚಿ ದೂರ ನಿಂತರು. ಲವೀನಾ ತನ್ನ ಕೊರಳಿನ ಶಿಲುಬೆಯನ್ನು ಬೆರಳಿನಲ್ಲಿ ಹಿಡಿದುಕೊಂಡಿದ್ದಳು. ದರ್ಭೆಯ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಕಲಶಕ್ಕೆ. ಗಾಳಿ ಮಂತ್ರವನ್ನು ಬಾಯಿಂದ ಕಿತ್ತುಕೊಂಡು ಹೋಗುತ್ತಿತ್ತು. ಮುಗಿದ ಮೇಲೆ ಕಮಲಾಕ್ಷಿಯಮ್ಮ ಕಲಶವನ್ನೆತ್ತಿ ಸೊಂಟಕ್ಕೆ ಇಟ್ಟುಕೊಂಡರು, ಮಗುವನ್ನು ಇಟ್ಟುಕೊಂಡ ಹಾಗೆ.

“ಸೋಮಯ್ಯ,” ಎಂದರು ಅವರು. “ಕುಂಕುಮದ ದೇವಿ ಈಗ ಇಲ್ಲಿದ್ದಾಳೆ. ಅದು ಬರೇ ಕಂಬ.”

ಸೋಮಯ್ಯ ಎದ್ದು ಬಂದು ಕಲಶಕ್ಕೆ ಕೈಮುಗಿದ. ಆಮೇಲೆ ತನ್ನವರಿಗೆ, “ಏಳಿನಿ. ಎಂತ ಕಾಂತ್ರಿ? ಬಳೆ ಹಾಕಿ,” ಎಂದ.

ಬಳೆ ತೊಡಿಸಿದರು. ಕಂಬದ ತಲೆಯ ಮೇಲೆ ಮರದ ಹಲಗೆ ಇಟ್ಟರು. ಹೊಳ್ಳರು ಕಂಬದ ಪಕ್ಕ ಒಂದು ಅಳತೆಗೋಲು ನಿಲ್ಲಿಸಿದರು. “ಮೊದಲ ಹೊಡೆತವನ್ನು ನೋಡಿ,” ಎಂದು ಬಸನಗೌಡರಿಗೆ ಹೇಳಿದರು. “ಉಳಿದವು ಸುಳ್ಳು ಹೇಳಬಹುದು.”

ಸುತ್ತಿಗೆ ಮೇಲೇರಿತು. ಅದು ಬಿದ್ದ ಸದ್ದು ಮಂಟಪದ ಅಡಿಯಲ್ಲೆಲ್ಲ ಸುತ್ತಿ ಬಂತು. ಕಂಬ ಇಳಿಯಿತು. ಬಡಿದ ದಿನ ಹತ್ತಾರು ಹೊಡೆತಕ್ಕೂ ಬೆರಳಗಲ ಜಗ್ಗದ ಕಂಬ ಒಂದೇ ಹೊಡೆತಕ್ಕೆ ನಾಲ್ಕು ಬೆರಳು ಇಳಿಯಿತು. ಲವೀನಾಳ ಕೈಯಲ್ಲಿದ್ದ ಪರದೆಯಲ್ಲಿ ಹಸಿರು ಚುಕ್ಕೆ ಹಳದಿಯಾಯಿತು, ಕೆಂಪಾಯಿತು.

“ಅರ್ಧಕ್ಕಿಂತ ಸ್ವಲ್ಪ ಮೇಲೆ ಸರ್,” ಎಂದಳು ಅವಳು. “ಮೇಡಂ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ.”

ಬಸನಗೌಡರು ನಂಬಲಿಲ್ಲ. “ಇನ್ನೂ ಹೊಡೀರಿ.”

ಸುತ್ತಿಗೆ ಮತ್ತೆ ಬಿತ್ತು. ಮತ್ತೆ. ಪ್ರತಿ ಸಲವೂ ಇಳಿತ ಕಡಿಮೆಯಾಗುತ್ತ ಬಂತು. ಕೊನೆಗೆ ಕಂಬ ಅಲುಗಲೇ ಇಲ್ಲ. ಕೆಂಪು ಚುಕ್ಕೆ ಮೆಲ್ಲಗೆ ಹಸಿರಿಗೆ ತಿರುಗಿತು. ಬಸನಗೌಡರ ಮುಖದಲ್ಲಿ ಜೀವ ಬಂತು.

“ನೋಡ್ರೀ, ನೋಡ್ರೀ. ಗಟ್ಟಿ ಆತಲ್ಲ. ಮೊದಲಿನ ಪೆಟ್ಟಿಗೆ ಏನೋ ಸಡ್ಲ ಆಗಿತ್ತು. ಈಗ ನಿಂತಿತು. ಮಂದೀನ ಕರಕೊಂಡು ಬರಾಕ ಹೇಳ್ತೀನಿ.”

“ಗೌಡರೇ, ನಿಲ್ಲಿ.” ಹೊಳ್ಳರು ಅವರ ಕೈ ಹಿಡಿದು ಅಲೆ ಬಂದು ಹೋಗುವಲ್ಲಿಗೆ ಕರೆದೊಯ್ದರು. “ಈ ಒದ್ದೆ ಮರಳಿನ ಮೇಲೆ ಒಂದು ಕಾಲು ಒತ್ತಿ ಇಡಿ. ಪಾದದ ಸುತ್ತ ನೋಡಿ.”

ಬಸನಗೌಡರು ಇಟ್ಟರು. ಪಾದದ ಸುತ್ತ ಮರಳು ತಟ್ಟನೆ ಬೆಳ್ಳಗಾಗಿ ಒಣಗಿತು.

“ಗಟ್ಟಿ ಇದೆಯಾ?”

“ಕಲ್ಲಾಗೇತ್ರಿ.”

“ಹಾಗೆಯೇ ನಿಂತಿರಿ.”

ಅವರು ನಿಂತರು. ಸ್ವಲ್ಪ ಹೊತ್ತಿನಲ್ಲಿ ಬಿಳುಪು ಮಾಯವಾಯಿತು, ಮರಳು ನೀರೂರಿ ಮಿನುಗಿತು, ಗೌಡರ ಹಿಮ್ಮಡಿ ಮೆಲ್ಲಗೆ ಒಳಗೆ ಇಳಿಯಿತು. ಅವರು ಕಾಲು ಎಳೆದುಕೊಂಡರು.

“ಒತ್ತಾಗಿ ಕೂತ ಮರಳಿನ ಕಾಳುಗಳು ಜಾಗ ಬಿಡಬೇಕಾದರೆ ಒಂದರ ಮೇಲೊಂದು ಏರಬೇಕು,” ಎಂದರು ಹೊಳ್ಳರು. “ನಡುವೆ ಎಡೆ ಹಿಗ್ಗುತ್ತದೆ. ಆ ಎಡೆಗೆ ನೀರು ಕೂಡಲೇ ಬರಲಾರದು. ಅಷ್ಟು ಹೊತ್ತು ಹೀರಿ ಹಿಡಿದ ಹಾಗೆ ಬಿಗಿಯಾಗಿರುತ್ತದೆ. ಆಮೇಲೆ ನೀರು ಬರುತ್ತದೆ, ಬಿಗಿ ಬಿಡುತ್ತದೆ. ಈ ತೀರದಲ್ಲಿ ಮೇಲೆ ಕ್ಷಣದಲ್ಲಿ ಆಗುವುದು, ಆಳದಲ್ಲಿ ಕೆಸರಿನ ಪದರಗಳ ನಡುವೆ ದಿನಗಟ್ಟಲೆ ಹಿಡಿಯುತ್ತದೆ. ಈಗ ಯಂತ್ರ ತೋರಿಸುವ ಹಸಿರು ಈ ಪಾದದ ಸುತ್ತಲಿನ ಬಿಳುಪು. ಮೊದಲ ಹೊಡೆತ ಹೇಳಿದ್ದೇ ನಿಜ.”

ಹೇಳುತ್ತಿದ್ದಂತೆ ಅವರಿಗೆ ನೆನಪಾಯಿತು. ಕಾಲು ಇಟ್ಟಲ್ಲಿ ಮರಳು ಯಾಕೆ ಒಣಗುತ್ತದೆ ಎಂದು ಅವರನ್ನು ಮೊದಲು ಕೇಳಿದವಳು ವೈದೇಹಿ, ಇನ್ನೂ ಲಂಗ ಉಡುವ ವಯಸ್ಸಿನಲ್ಲಿ. ಅವರು ಹೇಳಿಕೊಟ್ಟಿದ್ದರು. ದೊಡ್ಡವಳಾಗಿ ಅದನ್ನೇ ಓದಿದಳು. ಆದರೂ ಅವಳಿಗೆ ಈ ಕುದ್ರಿನ ಆಳ ಕಾಣಲಿಲ್ಲ. ಅವರಿಗೂ ಕಾಣಲಿಲ್ಲ.

ಬಸನಗೌಡರು ತಗ್ಗಿದ ದನಿಯಲ್ಲಿ ಕೇಳಿದರು: “ಹೊಳ್ಳರ, ನಾ ಮ್ಯಾಲಿನವರಿಗೆ ಒಂದು ಕಾರಣ ಹೇಳಬೇಕಲ್ರೀ. ಏನಂತ ಹೇಳ್ಲಿ?”

ಅಷ್ಟು ಹೊತ್ತಿಗೆ ಪೇಟೆಯ ಜನ ಸುತ್ತ ಸೇರಿದ್ದರು. ಶುಕ್ರವಾರ ಹೂವಿಡುವ ಹೆಂಗಸರೂ ಇದ್ದರು. ಹೊಳ್ಳರು ಕಲಶ ಹೊತ್ತ ಹೆಂಡತಿಯ ಕಡೆಗೆ ಒಮ್ಮೆ ನೋಡಿದರು.

“ನನ್ನ ಮಗಳು ಹೇಳಿದ ಲೆಕ್ಕ ತಪ್ಪು ಎಂದು ಹೇಳಿ,” ಎಂದರು.

ಕಮಲಾಕ್ಷಿಯಮ್ಮ ಭಾರದ ಕಲಶವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದರು. ಲವೀನಾ ಹಿಡಿದುಕೊಳ್ಳಲು ಕೈಚಾಚಿದಳು. ಅವರು ಕೊಡಲಿಲ್ಲ.

“ಅವಳೇ ಇದ್ದಿದ್ದರೆ ನಮ್ಮೆಲ್ಲರಿಗಿಂತ ಮೊದಲು ಹೇಳ್ತಿದ್ದಳು,” ಎಂದರು. “ಬಸ್ಸು ಬಿಡಿ ಗೌಡರೇ. ಹೊತ್ತಾಯಿತು.”

ಬಸ್ಸುಗಳು ಕಲ್ಲುಗುಡ್ಡಕ್ಕೆ ತಿರುಗಿದವು. ತೀರದ ಜನ ಬೈದುಕೊಂಡೇ ಹತ್ತಿದರು. “ಹೊಸ ಮಂಟಪ ಇರುವಾಗ ಸೋರುವ ಕಾಲೇಜಿಗೆ, ನಮ್ಮ ಹಣೆಬರಹ,” ಎಂದು ಒಬ್ಬ ಮುದುಕಿ ದಾರಿಯುದ್ದಕ್ಕೂ ಗೊಣಗಿದಳು. ಎತ್ತರಪೇಟೆಯವರೂ ಮನೆಗಳನ್ನು ಬಿಟ್ಟು ಹೊರಟರು. ಕೊನೆಯ ಬಸ್ಸು ದಾಟಿದ ಮೇಲೆ ಸೇತುವೆ ಮುಚ್ಚಿತು.

ಕಾಲೇಜಿನ ಕೋಣೆಗಳಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಆದರೂ ಒಂದು ಮೂಲೆಯಲ್ಲಿ ಕಮಲಾಕ್ಷಿಯಮ್ಮ ಇಟ್ಟ ಕಲಶದ ಸುತ್ತ ಒಂದು ಮೊಳ ಜಾಗವನ್ನು ಎಲ್ಲರೂ ಬಿಟ್ಟಿದ್ದರು. ಗೊಣಗಿದ ಮುದುಕಿ ಸೋರುವ ನೀರು ಅದಕ್ಕೆ ಬೀಳದಂತೆ ತನ್ನ ಕೊಡೆ ಬಿಡಿಸಿ ಇಟ್ಟಳು. ಮರುದಿನವೆಲ್ಲ ಗಾಳಿ ಹಂಚು ಕೀಳುತ್ತಿತ್ತು. ಹೊಳ್ಳರು ಜಪಮಣಿ ಹಿಡಿದಿದ್ದರು. ಮಂಟಪ ನಿಂತಿರಲಿ ಎಂದು ಬೇಡಬೇಕೋ, ಕುಸಿಯಲಿ ಎಂದು ಬೇಡಬೇಕೋ ಅವರಿಗೆ ತಿಳಿಯಲಿಲ್ಲ. ನಿಂತರೆ ಇಷ್ಟು ಜನರನ್ನು ಸುಮ್ಮನೆ ಅಲೆಸಿದಂತೆ. ಕುಸಿದರೆ ಮಗಳ ಕೆಲಸ ಕುಸಿದಂತೆ. ಅವರು ಏನನ್ನೂ ಬೇಡದೆ ಬರೀ ಹೆಸರು ಹೇಳಿದರು.

ಗಾಳಿ ಇಳಿದ ಮೇಲೆ ಅವರು ಕುದ್ರಿಗೆ ಮರಳಿದಾಗ ಮನೆಗಳು ನಿಂತಿದ್ದವು. ಅವುಗಳ ಭಾರ ಮೊದಲಿಂದಲೂ ಕಡಿಮೆ. ಮಂಟಪ ಮಾತ್ರ ಪಶ್ಚಿಮಕ್ಕೆ ಕುಕ್ಕರಿಸಿತ್ತು. ಆ ಬದಿಯ ಕಂಬಗಳ ನಡುವೆ ನೆಲ ಬಿರಿದಿತ್ತು. ನೀರಿನ ಟ್ಯಾಂಕು, ಅಕ್ಕಿಮೂಟೆಗಳು ಉರುಳಿ ಕಡಲಿಗೆ ಬಿದ್ದಿದ್ದವು. ಜನರ ಭಾರವಿಲ್ಲದೆಯೇ ಹೀಗಾಗಿತ್ತು. ಬಸನಗೌಡರು ತಲೆಯ ಟೋಪಿ ತೆಗೆದು ಆ ಬಿರುಕನ್ನು ನೋಡುತ್ತ ನಿಂತರು. ಗೊಣಗಿದ್ದ ಮುದುಕಿಯೂ ನೋಡಲು ಬಂದಿದ್ದಳು; ಅಲ್ಲೇ ಕುಳಿತು ಮೊಮ್ಮಗನನ್ನು ಮಡಿಲಿಗೆ ಎಳೆದುಕೊಂಡಳು.

“ಇನ್ನು ಕುಂಕುಮ ಮರುಹೊಡೆತ ಆದ ಮೇಲೆ ಇಡುವ ಸರ್,” ಎಂದಳು ಲವೀನಾ. ಸೋಮಯ್ಯ ತಲೆಯಾಡಿಸಿದ.

ಸಾಲಿನ ತುದಿಯ ಕಂಬ ನೆಟ್ಟಗೆ ನಿಂತಿತ್ತು. ಸುತ್ತಿಗೆಗೆ ಒಂದಿಷ್ಟು ಇಳಿದಿತ್ತು; ಕಡಲು ಬುಡಕ್ಕೆ ಮರಳು ತಂದು ಒಟ್ಟಿತ್ತು. ಗಾಜಿನ ತುಂಡು ಒಡೆದು ಹೋಗಿದ್ದರೂ ಅದರ ಹಿಂದಿನ ಕೆಂಪು ಅಳಿದಿರಲಿಲ್ಲ. ಹೊಳ್ಳರು ಮಂತ್ರ ಹೇಳಿದರು. ಕಮಲಾಕ್ಷಿಯಮ್ಮ ಕಲಶದ ನೀರನ್ನು ಕಂಬದ ತಲೆಯ ಮೇಲೆ ಎರೆದರು. ನೀರು ನಾಲ್ಕೂ ಬದಿಗೆ ಇಳಿದು ಮರಳಿನಲ್ಲಿ ಇಂಗಿತು.

“ಹಚ್ಚಿ,” ಎಂದು ಗಂಡನ ಕೈಗೆ ಕುಂಕುಮದ ಭರಣಿ ಕೊಟ್ಟರು.

ಮಗಳು ನಿಂತಲ್ಲಿಂದ ಹಚ್ಚಿದ್ದ ಗುರುತು ಈಗ ಮೊಣಕಾಲೂರದೆ ಸಿಗುವಂತಿರಲಿಲ್ಲ. ಹೊಳ್ಳರು ಒದ್ದೆ ಮರಳಿನಲ್ಲಿ ಮೊಣಕಾಲೂರಿದರು. ಮೊಣಕಾಲಿನ ಸುತ್ತ ಮರಳು ಬೆಳ್ಳಗಾಗಿ ಗಟ್ಟಿಯಾಯಿತು. ಹಳೆಯ ಕೆಂಪಿನ ಮೇಲೆ ಬೆರಳಿಟ್ಟು ಹೊಸ ಕುಂಕುಮ ಒತ್ತಿದರು. ಬೆರಳು ತೆಗೆಯಲಾಗಲಿಲ್ಲ. ಅವಳು ಹೋದ ಮೇಲೆ ಮೊದಲ ಸಲ, ಅಷ್ಟು ಜನರೆದುರಿಗೆ, ಹಣೆಯನ್ನು ಆ ಕಾಂಕ್ರೀಟಿಗೆ ಆನಿಸಿ ಅವರು ಅತ್ತರು. ಸುತ್ತಲಿನ ಮರಳಿಗೆ ಮೆಲ್ಲಗೆ ನೀರು ಮರಳಿ ಬಂತು. ಅವರ ಮೊಣಕಾಲುಗಳು ಒಳಗೆ ಇಳಿದವು. ಏಳಿ ಎಂದು ಯಾರೂ ಹೇಳಲಿಲ್ಲ.